ಕಾಫಿ ಕಲೆ

ಚಿಕ್ಕಮಗಳೂರಿನಲ್ಲಿ ಕಾಫಿ ವಾಸನೆಗೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಹೋದ ಜನವರಿಯಲ್ಲಿ ನಮ್ಮಮ್ಮ ಮುಚ್ಚಿಕೊಂಡರು. "ಏನೋ ಇದು, ಕೊಟ್ಟಿಗೆ ವಾಸನೆ!" ಎಂದು ಬಚ್ಚಲಮನೆ ಬಾಗಿಲಲ್ಲೇ ನಿಂತು ಬೈದರು. ಒಳಗೆ ನಾನು ಕಾಫಿಯಲ್ಲಿ ಕ್ಯಾಮೆರಾ ರೀಲು ತೊಳೆಯುತ್ತಿದ್ದೆ.

ತಮಾಷೆಯಲ್ಲ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಗೆ ವಾಷಿಂಗ್ ಸೋಡಾ ಬೆರೆಸಿ ಕಪ್ಪು-ಬಿಳುಪು ಫಿಲ್ಮ್ ತೊಳೆಯಬಹುದೆಂದು ತೋರಿಸಿದರು. ಈ ಕಷಾಯಕ್ಕೆ ಈಗ ಕೆಫೆನಾಲ್ ಎಂಬ ಹೆಸರಿದೆ. ಮೊಬೈಲ್ ಫೋಟೊ ಸಾಕಾಗಿ ಮತ್ತೆ ರೀಲು ಹಿಡಿದ ಕಲಾವಿದರಿಗೆ ಇದೊಂದು ಹುಚ್ಚು. ಟೀ, ವೈನುಗಳಲ್ಲೂ ತೊಳೆದವರಿದ್ದಾರೆ.

ರೀಲಿನ ಮೇಲೆ ಬೆಳ್ಳಿ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ನಾಲ್ಕಾರು ಬೆಳ್ಳಿ ಪರಮಾಣು ಹುಟ್ಟುತ್ತವೆ, ಅಷ್ಟೇ. ಕಣ್ಣಿಗೆ ಏನೂ ಕಾಣದು. ಡೆವಲಪರ್, ಅಂದರೆ ರೀಲು ತೊಳೆಯುವ ದ್ರಾವಣ, ಆ ಹರಳಿಗೆ ಎಲೆಕ್ಟ್ರಾನು ಕೊಡುತ್ತಾ ಕೊಡುತ್ತಾ ಇಡೀ ಹರಳನ್ನೇ ಬೆಳ್ಳಿ ಮಾಡುತ್ತದೆ. ಚೂರು ಹೆಪ್ಪಿಗೆ ಪಾತ್ರೆ ಹಾಲೆಲ್ಲ ಮೊಸರಾಗುವುದಿಲ್ಲವಾ, ಹಾಗೆ. ಇಷ್ಟು ಸಣ್ಣ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ.

ಕಾಫಿಯಲ್ಲಿ ಎಲೆಕ್ಟ್ರಾನು ಕೊಡುವುದು ಯಾರು? ಕೆಫೀನ್ ಅಲ್ಲ. ಕೆಫೀಕ್ ಆಮ್ಲ. ಹೆಸರು ಹತ್ತಿರ, ನಂಟು ಇಲ್ಲ. ಬೀಜದಲ್ಲಿ ಇದು ಕ್ಲೋರೋಜೆನಿಕ್ ಆಮ್ಲದ ಭಾಗವಾಗಿ ಇರುತ್ತದೆ. ಆ ಆಮ್ಲ ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಜಾಸ್ತಿ. ರುಚಿಯ ಮಾತು ಬಂದಾಗ ರೊಬಸ್ಟಾವನ್ನು ಹಿಂದಿನ ಸಾಲಿಗೆ ಕೂರಿಸುತ್ತೇವೆ, ಅಲ್ವಾ? ಬಚ್ಚಲಮನೆಯಲ್ಲಿ ಅದಕ್ಕೇ ಮೊದಲ ಮಣೆ.

ನನ್ನ ಮೊದಲ ರೀಲು ಹಾಳಾಯಿತು. ವಾಷಿಂಗ್ ಸೋಡಾ ಸಿಗಲಿಲ್ಲ, ಯಾವ ಸೋಡಾ ಆದರೇನು ಎಂದು ಅಡುಗೆ ಸೋಡಾ ಸುರಿದೆ. ಹೊರಗೆ ತೆಗೆದರೆ ರೀಲು ಗಾಜಿನ ಹಾಗೆ ಖಾಲಿ! ಕೆಫೀಕ್ ಆಮ್ಲ ಸುಮ್ನೆ ಎಲೆಕ್ಟ್ರಾನು ಬಿಟ್ಟುಕೊಡುವುದಿಲ್ಲ, ಅದಕ್ಕೆ ಜೋರಾದ ಕ್ಷಾರವೇ ಬೇಕು. ಅಡುಗೆ ಸೋಡಾ ತೀರಾ ಸಾಧು.

ಉಪಾಯ ಅಡುಗೆಮನೆಯಲ್ಲೇ ಇತ್ತು. ಅದೇ ಸೋಡಾವನ್ನು ಕಬ್ಬಿಣದ ಬಾಣಲೆಗೆ ಹಾಕಿ ಹುರಿದೆ. ಒಣ ಪುಡಿ ನೀರಿನಂತೆ ಕುದಿಯತೊಡಗಿತು. ಅಲ್ಲಲ್ಲಿ ಗುಳಿ ಬಿದ್ದು ಪುಸ್ ಪುಸ್ ಎನ್ನುತ್ತಿತ್ತು. ಹೊರಗೆ ಬರುತ್ತಿದ್ದುದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್. ಕುದಿತ ನಿಂತಾಗ ಬಾಣಲೆಯಲ್ಲಿ ಉಳಿದದ್ದು ಅಸಲಿ ವಾಷಿಂಗ್ ಸೋಡಾ.

ಲೀಟರ್ ನೀರಿಗೆ ಅದು 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. (ನಮ್ಮ ಡಿಕಾಕ್ಷನ್ ಬೇಡ, ಅದರ ಗಟ್ಟಿತನ ದಿನಕ್ಕೊಂದು ಥರ.) ವಿಟಮಿನ್ ಸಿ ಕೂಡ ಎಲೆಕ್ಟ್ರಾನು ಕೊಡುತ್ತದೆ, ಎರಡೂ ಸೇರಿದರೆ ಕೆಲಸ ಚುರುಕು. 20 ಡಿಗ್ರಿಯಲ್ಲಿ 15 ನಿಮಿಷ. ಜನವರಿಯ ನಲ್ಲಿ ನೀರಿಗೆ ಐಸ್ ಹಾಕುವ ಕಷ್ಟ ನಮ್ಮೂರಲ್ಲಿ ಇಲ್ಲ. ಕೊನೆಗೆ ಬೇಕಾಗುವ ಫಿಕ್ಸರ್ ದ್ರಾವಣ ಮಾತ್ರ ಕೊಂಡು ತಂದದ್ದು. ಬೆಳಕು ಬೀಳದೆ ಉಳಿದ ಹರಳನ್ನು ಕರಗಿಸುವುದು ಕಾಫಿಯ ಕೈಲಾಗದು.

ಒಣಗಿದ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದೆ. ಕಣದಲ್ಲಿ ಹರವಿದ ರೊಬಸ್ಟಾ ಹಣ್ಣು. ಸಿಮೆಂಟಿನ ಕಣ ಕಪ್ಪು, ಹಣ್ಣು ಬಿಳಿ, ಎಲ್ಲದರ ಮೇಲೂ ತೆಳುವಾದ ಕಂದು.

"ಅದು ಕಾಫಿ ಕಲೆ, ಎಷ್ಟು ತೊಳೆದರೂ ಹೋಗಲ್ಲ" ಎಂದರು ಅಮ್ಮ.