ಉದ್ಯಮ ವಿಶ್ವಾಸ ಸೂಚ್ಯಂಕ: ‘ಧಂದೆ ಹೆಂಗೈತ್ರಿ?’ ಅನ್ನೋದಕ್ಕೊಂದು ಅಂಕಿ

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಪ್ರಕಟವಾದ ಮರುದಿನ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ರೆಪೊ ದರದ್ದೇ ದೊಡ್ಡ ಸುದ್ದಿ. ಅದರ ಕೆಳಗೆಲ್ಲೋ ‘ತಯಾರಿಕಾ ವಲಯದ ವಿಶ್ವಾಸ ಹೆಚ್ಚಳ’ ಎಂಬಂಥ ನಾಲ್ಕು ಸಾಲು, ಅದರೊಳಗೆ ನೂರು ದಾಟಿದ ಒಂದು ಅಂಕಿ ಇರುತ್ತದೆ. ಅದು ರೂಪಾಯಿಯಲ್ಲ, ಟನ್ನಲ್ಲ, ಬೆಳವಣಿಗೆಯ ಶೇಕಡಾವಾರೂ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ವರ್ಕ್‌ಶಾಪ್ ಇಟ್ಟುಕೊಂಡ ಇಬ್ಬರು ಎದುರಾದರೆ ‘ಧಂದೆ ಹೆಂಗೈತ್ರಿ?’ ಎಂದು ಕೇಳಿಯೇ ಕೇಳುತ್ತಾರೆ. ‘ಹೋದ ಸಲಕ್ಕಿಂತ ಅಡ್ಡಿಯಿಲ್ರಿ’ ಎಂದೋ, ‘ಭಾಳ ಥಂಡ ಐತ್ರಿ’ ಎಂದೋ ಉತ್ತರ ಬರುತ್ತದೆ. ಇದೇ ಪ್ರಶ್ನೆಯನ್ನು ಸಾವಿರ ಕಂಪನಿಗಳಿಗೆ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ, ಒಂದು ಪದವನ್ನೂ ಬದಲಿಸದೆ ಕೇಳಿ, ಬಂದ ಉತ್ತರಗಳನ್ನು ಒಂದು ಅಂಕಿಗೆ ಇಳಿಸಿದರೆ ಅದು ಉದ್ಯಮ ವಿಶ್ವಾಸ ಸೂಚ್ಯಂಕ.

ಇಲ್ಲಿ ‘ಎಷ್ಟು’ ಎಂದು ಯಾರೂ ಕೇಳುವುದಿಲ್ಲ, ‘ಯಾವ ಕಡೆಗೆ’ ಎಂದು ಮಾತ್ರ ಕೇಳುತ್ತಾರೆ. ವಹಿವಾಟು ಎಷ್ಟು ಲಕ್ಷ ಎಂದರೆ ಮಾಲೀಕರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ‘ನಮ್ಮ ಆಡಿಟರ್ ಕಡೆ ಕೇಳ್ರಿ’ ಎನ್ನುತ್ತಾರೆ. ಆರ್ಡರ್ ಹೆಚ್ಚಾಯಿತೋ, ಅಷ್ಟೇ ಇದೆಯೋ, ಇಳಿಯಿತೋ ಎಂದರೆ ನಿಂತಲ್ಲೇ ಹೇಳುತ್ತಾರೆ. ಲೆಕ್ಕಪುಸ್ತಕ ತೆರೆಯಬೇಕಿಲ್ಲ, ಗುಟ್ಟೂ ಬಿಡಬೇಕಿಲ್ಲ. ಉತ್ತರ ಬೇಗ ಸಿಗುವುದು ಇದರಿಂದಲೇ. ಏಪ್ರಿಲ್–ಜೂನ್ ತ್ರೈಮಾಸಿಕದ ಜಿಡಿಪಿ ಅಂಕಿ ಹೊರಬೀಳುವುದು ಆಗಸ್ಟ್ ಕೊನೆಗೆ. ಬಡ್ಡಿದರ ನಿರ್ಧರಿಸುವವರು ಅಲ್ಲಿಯವರೆಗೆ ಕಾಯುತ್ತ ಕೂರಲಾಗುವುದಿಲ್ಲ.

ಉತ್ತರಗಳು ಅಂಕಿಯಾಗುವ ಲೆಕ್ಕ ಸುಲಭ, ಆದರೆ ಗೊಂದಲ ಹುಟ್ಟುವುದೂ ಅಲ್ಲೇ. ನೂರು ಘಟಕಗಳನ್ನು ಕೇಳಿದಿರಿ ಎಂದುಕೊಳ್ಳಿ. 38 ಮಂದಿ ಸುಧಾರಿಸಿದೆ ಎಂದರು, 40 ಮಂದಿ ಹಾಗೇ ಇದೆ ಎಂದರು, 22 ಮಂದಿ ಕೆಟ್ಟಿದೆ ಎಂದರು. 38ರಲ್ಲಿ 22 ಕಳೆದರೆ 16. ಇದಕ್ಕೆ ನಿವ್ವಳ ಪ್ರತಿಕ್ರಿಯೆ ಎನ್ನುತ್ತಾರೆ. ಜಪಾನಿನ ಕೇಂದ್ರ ಬ್ಯಾಂಕ್ ನಡೆಸುವ ‘ಟಾಂಕನ್’ ಸಮೀಕ್ಷೆಯಲ್ಲಿ ಅಂಕಿ ಹೊರಬೀಳುವುದು ಇದೇ ರೂಪದಲ್ಲಿ. ಅಲ್ಲಿ ಸೊನ್ನೆಯೇ ನಡುಗೆರೆ. ರಿಸರ್ವ್ ಬ್ಯಾಂಕ್ 1998ರಿಂದ ನಡೆಸುತ್ತ ಬಂದ ಕೈಗಾರಿಕಾ ಮುನ್ನೋಟ ಸಮೀಕ್ಷೆಯಲ್ಲಿ ಉತ್ಪಾದನೆ, ಆರ್ಡರ್, ದಾಸ್ತಾನು, ಉದ್ಯೋಗ, ರಫ್ತು, ಲಾಭ ಹೀಗೆ ಹಲವು ವಿಷಯಗಳ ನಿವ್ವಳವನ್ನು ತೂಕ ಹಾಕಿ ಸೇರಿಸಿ, ನೂರರ ಮೇಲೆ ಕೂಡಿಸುತ್ತಾರೆ. ಆಗ ನಮ್ಮ 16 ಅಲ್ಲಿ 116 ಆಗುತ್ತದೆ. ಅಳತೆ 0ಯಿಂದ 200ರವರೆಗೆ, ನಡುಗೆರೆ 100. ತಿಂಗಳಿಗೊಮ್ಮೆ ಬರುವ ಪಿಎಂಐ, ಅಂದರೆ ಕಂಪನಿಗಳ ಖರೀದಿ ವ್ಯವಸ್ಥಾಪಕರನ್ನು ಕೇಳಿ ತೆಗೆಯುವ ಸೂಚ್ಯಂಕದಲ್ಲಿ, ಸುಧಾರಿಸಿದೆ ಎಂದವರಿಗೆ ‘ಹಾಗೇ ಇದೆ’ ಎಂದವರ ಅರ್ಧವನ್ನು ಸೇರಿಸುತ್ತಾರೆ. 38ಕ್ಕೆ 20 ಸೇರಿ 58. ಅಲ್ಲಿ ನಡುಗೆರೆ 50. ಅದೇ ನೂರು ಮಂದಿ, ಅದೇ ಉತ್ತರ, ಅಂಕಿ ಮಾತ್ರ 16, 116, 58. ಹಾಗಾಗಿ ಯಾವ ಸಮೀಕ್ಷೆ ಎಂದು ನೋಡದೆ ಅಂಕಿ ಓದಿ ಉಪಯೋಗವಿಲ್ಲ.

ನಡುಗೆರೆಯ ಅರ್ಥವನ್ನು ಸುದ್ದಿ ಬರೆಯುವವರೂ ಎಷ್ಟೋ ಸಲ ತಪ್ಪಾಗಿ ಹಿಡಿಯುತ್ತಾರೆ. ಲಾಕ್‌ಡೌನ್ ಇದ್ದ ಏಪ್ರಿಲ್ 2020ರಲ್ಲಿ ಭಾರತದ ಸೇವಾ ವಲಯದ ಪಿಎಂಐ 5.4ಕ್ಕೆ ಕುಸಿಯಿತು. ವ್ಯವಹಾರದಲ್ಲಿ ಶೇ. 5 ಮಾತ್ರ ಉಳಿಯಿತು ಎಂದು ಅದರರ್ಥವಲ್ಲ. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಇಳಿದಿದೆ’ ಎಂದರು ಎಂದರ್ಥ. ತಯಾರಿಕಾ ಪಿಎಂಐ ಆ ತಿಂಗಳು 27.4 ಇದ್ದದ್ದು ಆಗಸ್ಟಿನಲ್ಲಿ 52ಕ್ಕೆ ಏರಿತು. ಆಗ ‘ಉದ್ಯಮ ಹಳಿಗೆ ಮರಳಿತು’ ಎಂದು ಖುಷಿಪಟ್ಟವರಿದ್ದರು. ಆದರೆ 52 ಹೇಳಿದ್ದು ಜುಲೈಗಿಂತ ಆಗಸ್ಟ್ ವಾಸಿ ಎಂದಷ್ಟೇ, ಲಾಕ್‌ಡೌನ್‌ಗೆ ಮುಂಚಿನ ಮಟ್ಟ ಮುಟ್ಟಿತು ಎಂದಲ್ಲ. ಎಲ್ಲ ಕಾರ್ಖಾನೆಗಳಿಗೂ ಬೀಗ ಬಿದ್ದು, ಮರು ತಿಂಗಳೂ ಬೀಗ ಹಾಗೇ ಇದ್ದರೆ ಎಲ್ಲರ ಉತ್ತರ ‘ಹಾಗೇ ಇದೆ’ ಎಂದಾಗುತ್ತದೆ, ಪಿಎಂಐ 50 ತೋರಿಸುತ್ತದೆ!

ಇಂಥ ಸಮೀಕ್ಷೆಗಳಲ್ಲಿ ಹಳೆಯವುಗಳಲ್ಲೊಂದು ಜರ್ಮನಿಯ ಮ್ಯೂನಿಕ್‌ನ ಇಫೊ ಆರ್ಥಿಕ ಸಂಶೋಧನಾ ಸಂಸ್ಥೆಯದು, 1949ರಿಂದ ನಡೆದಿದೆ. ನಮ್ಮಲ್ಲಿ ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ 1991ರಿಂದ ಮೂರು ತಿಂಗಳಿಗೊಮ್ಮೆ ಒಂದು ಸೂಚ್ಯಂಕ ತರುತ್ತಿದೆ. ಉದ್ಯಮಿಗಳ ಒಕ್ಕೂಟಗಳಾದ ಸಿಐಐ, ಫಿಕ್ಕಿಗಳಿಗೂ ತಮ್ಮದೇ ಸಮೀಕ್ಷೆಗಳಿವೆ.

ಇವೆಲ್ಲವುಗಳ ಜೀವಾಳ ಎಂದರೆ ತಪ್ಪದೆ ಕೇಳುವುದು. ಒಂದೇ ಸಲ ಕೇಳಿದ ಉತ್ತರಕ್ಕೆ ಹೆಚ್ಚು ಬೆಲೆಯಿಲ್ಲ. ವ್ಯಾಪಾರಸ್ಥರಲ್ಲಿ ಸದಾ ಗೊಣಗುವವರಿದ್ದಾರೆ, ಅಂಗಡಿ ಮುಳುಗುವ ಹಿಂದಿನ ದಿನವೂ ‘ಫಸ್ಟ್ ಕ್ಲಾಸ್’ ಎನ್ನುವವರೂ ಇದ್ದಾರೆ. ಅವರವರನ್ನೇ ಪ್ರತಿ ಸಲ ಕೇಳುತ್ತ ಹೋದರೆ ಸ್ವಭಾವದ ಪಾಲು ಎರಡೂ ಸಲ ಒಂದೇ ಇರುತ್ತದೆ, ಬದಲಾದದ್ದಷ್ಟೇ ಎದ್ದು ಕಾಣುತ್ತದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಲ್ಲಿ ಈಗಿನ ಸ್ಥಿತಿಯ ಸೂಚ್ಯಂಕಕ್ಕಿಂತ ಮುಂದಿನ ತ್ರೈಮಾಸಿಕದ ನಿರೀಕ್ಷೆಯ ಸೂಚ್ಯಂಕ ಸಾಮಾನ್ಯವಾಗಿ ಮೇಲೇ ಇರುತ್ತದೆ. ನಾಳೆ ಚಲೋ ಆದೀತು ಎಂಬ ನಂಬಿಕೆ ಇಲ್ಲದವರು ಫ್ಯಾಕ್ಟರಿ ಯಾಕೆ ಹಾಕುತ್ತಾರೆ? ಹಾಗಾಗಿ ನಿರೀಕ್ಷೆ ನೂರರ ಮೇಲಿದೆ ಎಂದು ಹಿಗ್ಗುವುದಕ್ಕಿಂತ, ಅದರದೇ ಹಳೆಯ ಸರಾಸರಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ನೋಡುವುದು ಲೇಸು.

ಹಂಗಾಮಿನ ಕಾಟ ಬೇರೆ. ಬ್ಯಾಡಗಿ ಮಾರುಕಟ್ಟೆಗೆ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಚೀಲಗಳು ಲಾರಿಗಟ್ಟಲೆ ಬಂದು ಬೀಳುತ್ತವೆ. ಆಗ ಅಲ್ಲಿಯ ದಲಾಲರನ್ನೋ, ಕೋಲ್ಡ್ ಸ್ಟೋರೇಜ್ ಮಾಲೀಕರನ್ನೋ, ಪುಡಿ ಕಾರ್ಖಾನೆಯವರನ್ನೋ ‘ಹಿಂದಿನ ಮೂರು ತಿಂಗಳಿಗಿಂತ ಹೇಗಿದೆ’ ಎಂದು ಕೇಳಿದರೆ ಪ್ರತಿ ವರ್ಷವೂ ಭರಾಟೆಯೇ. ಅದಕ್ಕೇ ಒಳ್ಳೆಯ ಪ್ರಶ್ನಾವಳಿಯಲ್ಲಿ ‘ಹಂಗಾಮಿನ ಏರಿಳಿತ ಬಿಟ್ಟು ಹೇಳಿ’ ಎಂಬ ಮಾತಿರುತ್ತದೆ, ಇಲ್ಲವೆ ಆಮೇಲೆ ಲೆಕ್ಕದಲ್ಲಿ ಆ ಏರಿಳಿತವನ್ನು ತೆಗೆದುಹಾಕುತ್ತಾರೆ. ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡಬೇಕು. ರಿಸರ್ವ್ ಬ್ಯಾಂಕ್ ಉತ್ತರಗಳನ್ನು ತಯಾರಕರ ಕಣ್ಣಿನಿಂದ ಅಳೆಯುತ್ತದೆ. ಕಚ್ಚಾ ಮಾಲಿನ ಬೆಲೆ ಏರಿದರೆ ಕೆಟ್ಟದ್ದು, ತಾವು ಮಾರುವ ಬೆಲೆ ಏರಿದರೆ ಒಳ್ಳೆಯದು. ಗಿರಾಕಿಗೆ ತುಟ್ಟಿಯಾದದ್ದು ಅಲ್ಲಿ ಆಶಾವಾದದ ಖಾತೆಗೆ ಜಮೆ.

ಇನ್ನು ಸಾಲದ ವಿಷಯ. ಸಾಲ ಸಲೀಸಾಗಿ ಸಿಗುತ್ತಿದೆಯೇ, ಬಿಗಿಯಾಗಿದೆಯೇ ಎಂಬುದನ್ನು ಕೊಡುವವರಿಂದಲೂ ತಿಳಿಯಬಹುದು, ತೆಗೆದುಕೊಳ್ಳುವವರಿಂದಲೂ ತಿಳಿಯಬಹುದು. ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ 30 ಪ್ರಮುಖ ವಾಣಿಜ್ಯ ಬ್ಯಾಂಕುಗಳ ಹಿರಿಯ ಸಾಲ ಅಧಿಕಾರಿಗಳನ್ನು ಕೇಳುತ್ತದೆ: ಬೇಡಿಕೆ ಹೆಚ್ಚಿದೆಯೇ, ಷರತ್ತು ಸಡಿಲವಾಗಿದೆಯೇ? ಕೈಗಾರಿಕಾ ಮುನ್ನೋಟ ಸಮೀಕ್ಷೆಯಲ್ಲಿ ಕಂಪನಿಗಳಿಗೆ ಹಣದ ಲಭ್ಯತೆ, ಹಣದ ವೆಚ್ಚದ ಬಗ್ಗೆ ಕೇಳುತ್ತದೆ. ಟಾಂಕನ್ ಸಮೀಕ್ಷೆ ‘ಬ್ಯಾಂಕುಗಳ ಧೋರಣೆ ಉದಾರವೋ ಕಠಿಣವೋ’ ಎಂದು ಸಾಲಗಾರರನ್ನೇ ನೇರವಾಗಿ ಕೇಳಿಬಿಡುತ್ತದೆ. ಎರಡೂ ಕಡೆಯ ಉತ್ತರ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಾಗಿಲ್ಲ.

ಒಂದು ಉದಾಹರಣೆ ಹಿಡಿಯೋಣ. ದೊಡ್ಡ ಕಂಪನಿಯೊಂದಕ್ಕೆ ವಾಲ್ವ್ ಬಿಡಿಭಾಗ ಮಷಿನಿಂಗ್ ಮಾಡಿಕೊಡುವ ತಾರಿಹಾಳದ ಸಣ್ಣ ಘಟಕ. 16 ಲಕ್ಷ ರೂಪಾಯಿಯ ಸ್ಟಾಕ್ ಇದೆ, ಗಿರಾಕಿಗಳಿಂದ 24 ಲಕ್ಷ ಬರಬೇಕಿದೆ, ತಾನು ಕೊಡಬೇಕಾದ ಬಾಕಿ ಏನೂ ಇಲ್ಲ. ಎರಡರ ಮೇಲೂ ಬ್ಯಾಂಕ್ ಶೇ. 25 ಮಾರ್ಜಿನ್ ಹಿಡಿಯುತ್ತದೆ, ಅಂದರೆ ಅಷ್ಟನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಸಾಲ ಕೊಡುತ್ತದೆ ಎಂದುಕೊಂಡರೆ, 40 ಲಕ್ಷಕ್ಕೆ ಸಿಸಿ ಖಾತೆಯ (ಸ್ಟಾಕು, ಬರಬೇಕಾದ ಬಾಕಿಯ ಆಧಾರದ ಮೇಲೆ ಸಾಲ ತೆಗೆಯುವ ಖಾತೆ) ಡ್ರಾಯಿಂಗ್ ಪವರ್, ಅಂದರೆ ತೆಗೆಯಬಹುದಾದ ಮಿತಿ, 30 ಲಕ್ಷ. ಈಗ ದೊಡ್ಡ ಕಂಪನಿ ಬಿಲ್ ಪಾಸ್ ಮಾಡುವುದನ್ನು ತಡ ಮಾಡಿತು; 12 ಲಕ್ಷದ ಬಿಲ್ಲುಗಳು 90 ದಿನ ದಾಟಿದವು. ಅಷ್ಟು ಹಳೆಯ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟ ಮೇಲೆ 28 ಲಕ್ಷದ ಮುಕ್ಕಾಲು, ಅಂದರೆ 21 ಲಕ್ಷ ಮಾತ್ರ ಸಿಗುತ್ತದೆ. ಕೈಗೆ ಬರಬೇಕಾದ 12 ಲಕ್ಷ ಬರಲಿಲ್ಲ, ಜೊತೆಗೆ ಬ್ಯಾಂಕಿನ 9 ಲಕ್ಷವೂ ಹೋಯಿತು. ಆರ್ಡರ್ ಭರ್ತಿ ಇದೆ, ಲೇತ್ ಎರಡು ಪಾಳಿ ತಿರುಗುತ್ತಿದೆ, ಶನಿವಾರದ ಬಟವಡೆಗೆ ರೊಕ್ಕ ಇಲ್ಲ.

ಇದೇ ವಾರ ಸಮೀಕ್ಷೆ ಬಂದರೆ ಬ್ಯಾಂಕಿನವರು ‘ಷರತ್ತು ಏನೂ ಬದಲಾಗಿಲ್ಲ’ ಎಂದು ಗುರುತು ಹಾಕುತ್ತಾರೆ. ಅದು ನಿಜ, ಮಾರ್ಜಿನ್ ಅದೇ, 90 ದಿನದ ನಿಯಮವೂ ಅದೇ. ಮಾಲೀಕರು ‘ಸಾಲ ಭಾಳ ಬಿಗಿ ಆಗೇತಿ’ ಎನ್ನುತ್ತಾರೆ. ಅದೂ ನಿಜ. ಆರ್ಡರಿನ ಪ್ರಶ್ನೆಗೆ ಮಾತ್ರ ಅದೇ ಮಾಲೀಕರ ಉತ್ತರ ‘ಸುಧಾರಿಸಿದೆ’. ನನ್ನ ಕೇಳಿದರೆ, ನಮ್ಮ ಕಡೆಯ ಉದ್ಯಮದ ಮಟ್ಟಿಗೆ ಸಾಲದ ಬಿಗಿ ಶುರುವಾಗುವುದು ಬ್ಯಾಂಕಿನ ಕೌಂಟರಿನಲ್ಲಲ್ಲ, ದೊಡ್ಡ ಗಿರಾಕಿಯ ಅಕೌಂಟ್ಸ್ ವಿಭಾಗದಲ್ಲಿ. ಸಣ್ಣ ಉದ್ಯಮಗಳ ಬಿಲ್ 45 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ದೂರು ಕೊಡಬಹುದು. ಮುಂದಿನ ಆರ್ಡರ್ ಬೇಡ ಎನ್ನುವವರು ಕೊಡುತ್ತಾರೆ.

ಸಾಲವನ್ನು ಕೇಳದೇ ಇರುವವರದು ಇನ್ನೊಂದು ಕಥೆ. ‘ಹೋದ್ರೂ ಕೊಡಂಗಿಲ್ಲ ಬಿಡ್ರಿ, ಸಿಬಿಲ್ ಅಂತಾರ, ಜಾಮೀನು ಅಂತಾರ’ ಎಂದು ಅರ್ಜಿಯನ್ನೇ ಹಾಕದವರು ಬ್ಯಾಂಕಿನ ಯಾವ ದಾಖಲೆಯಲ್ಲೂ ಇರುವುದಿಲ್ಲ. ತಿರಸ್ಕರಿಸಿದ ಅರ್ಜಿಗಳ ಪಟ್ಟಿಯಲ್ಲೂ ಇಲ್ಲ. ಯುರೋಪಿನ ಕೇಂದ್ರ ಬ್ಯಾಂಕ್ 2009ರಿಂದ ನಡೆಸುವ ಸಮೀಕ್ಷೆಯಲ್ಲಿ ಇಂಥವರನ್ನು ಬಿಟ್ಟಿಲ್ಲ. ತಿರಸ್ಕೃತರಾದವರು, ಕೇಳಿದ್ದಕ್ಕಿಂತ ತೀರ ಕಡಿಮೆ ಸಿಕ್ಕವರು, ಬಡ್ಡಿ ಹೆಚ್ಚೆಂದು ತಾವೇ ಬೇಡವೆಂದವರು, ಸಿಗದು ಎಂಬ ಅಂಜಿಕೆಯಿಂದ ಕೇಳದವರು, ಈ ನಾಲ್ವರನ್ನೂ ಸೇರಿಸಿ ಒಂದು ಸೂಚಕ ಮಾಡುತ್ತಾರೆ. ಪೂರೈಕೆದಾರರು ಕೊಡುವ ಉದ್ರಿಯ ಬಗ್ಗೆಯೂ ಅಲ್ಲಿ ಪ್ರಶ್ನೆಯಿದೆ.

ನಮ್ಮ ದೇಶದ ಅಂಕಿಗಳನ್ನು ಹುಬ್ಬಳ್ಳಿ, ಗದಗ, ಹಾವೇರಿಗೆ ಹಾಗೇ ತಂದು ಹಚ್ಚಲಾಗುವುದಿಲ್ಲ. ಕೈಗಾರಿಕಾ ಮುನ್ನೋಟ ಸಮೀಕ್ಷೆ ಕೇಳುವುದು ಪಬ್ಲಿಕ್ ಮತ್ತು ಪ್ರೈವೇಟ್ ಲಿಮಿಟೆಡ್ ಕಂಪನಿಗಳನ್ನು. ಇಲ್ಲಿಯ ವರ್ಕ್‌ಶಾಪು, ಜಿನ್ನಿಂಗ್ ಮಿಲ್ಲು, ಎಣ್ಣೆ ಗಾಣಗಳಲ್ಲಿ ಒಡೆತನ ಹೆಚ್ಚಾಗಿ ಒಬ್ಬರದು, ಇಲ್ಲವೆ ಅಣ್ಣತಮ್ಮಂದಿರ ಪಾಲುದಾರಿಕೆಯದು. ಸಾಲದ ಸಮೀಕ್ಷೆ ವಾಣಿಜ್ಯ ಬ್ಯಾಂಕುಗಳದು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದ ಗದಗ ಸೀಮೆಯಲ್ಲಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಅಡತಿ ಅಂಗಡಿಯ ಮುಂಗಡ, ಇವೆಲ್ಲ ಸೇರಿದ ಮೇಲೇ ಸಾಲದ ಚಿತ್ರ ಪೂರ್ತಿಯಾಗುವುದು. ಅಲ್ಲದೆ ಬಾಗಿಲು ಮುಚ್ಚಿದವರು ಸಮೀಕ್ಷೆಗೆ ಉತ್ತರಿಸುವುದಿಲ್ಲ. ಕಷ್ಟದ ವರ್ಷದಲ್ಲಿ ಉಳಿದವರ ಮಾತಷ್ಟೇ ಕೇಳಿಬರುವುದರಿಂದ ಅಂಕಿ ಇರಬೇಕಾದ್ದಕ್ಕಿಂತ ತುಸು ಚೆಂದ ಕಾಣುತ್ತದೆ.

ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ 1928ರಷ್ಟು ಹಳೆಯದು. ಕೈಗಾರಿಕಾ ವಸಾಹತುಗಳಲ್ಲೂ ಸಂಘಗಳಿವೆ. ಇಂಥವರು ಊರಿನ ಮಟ್ಟಿಗೆ ಒಂದು ಸಮೀಕ್ಷೆ ಶುರು ಮಾಡಿದರೆ ಮೂರು ಪ್ರಶ್ನೆ ಸಾಕು: ಹಂಗಾಮು ಬಿಟ್ಟು ನೋಡಿದರೆ ಆರ್ಡರ್ ಹೋದ ತ್ರೈಮಾಸಿಕಕ್ಕಿಂತ ಹೇಗಿದೆ, ಬಿಲ್ ಕೊಟ್ಟ ಮೇಲೆ ರೊಕ್ಕ ಬರುವುದು ಮೊದಲಿಗಿಂತ ಬೇಗವೋ ತಡವೋ, ಸಾಲ ಬೇಕಿದ್ದೂ ಕೇಳದೆ ಬಿಟ್ಟಿರಾ? ಆದರೆ ಉತ್ತರಿಸುವವರು ಕಡಿಮೆಯಿದ್ದಾಗ ಅಂಕಿ ವಿಪರೀತ ಕುಣಿಯುತ್ತದೆ. ನಲವತ್ತು ಘಟಕಗಳಲ್ಲಿ ಎರಡೇ ಎರಡು ‘ಸುಧಾರಿಸಿದೆ’ಯಿಂದ ‘ಕೆಟ್ಟಿದೆ’ಗೆ ಹೊರಳಿದರೂ ನಿವ್ವಳ 10 ಅಂಶ ಇಳಿಯುತ್ತದೆ. ಆ ಎರಡೂ ಘಟಕಗಳು ಒಂದೇ ಕಂಪನಿಗೆ ಮಾಲು ಕೊಡುವವಾಗಿದ್ದರೆ, ಇಳಿದದ್ದು ಊರಿನ ವಿಶ್ವಾಸವಲ್ಲ, ಆ ಕಂಪನಿಯ ಆರ್ಡರ್ ಅಷ್ಟೇ.