ಲಾರಿಯಿಂದ ಬಿದ್ದ ಮಾಲು

ಇಂಗ್ಲೆಂಡಿನ ಯಾವುದೋ ಪಬ್ಬಿನಲ್ಲಿ ಒಬ್ಬ ಹೊಸ ಟಿವಿಯನ್ನು ಅಂಗಡಿ ರೇಟಿನ ಅರ್ಧಕ್ಕೆ ಕೊಡ್ತೀನಿ ಅನ್ನುತ್ತಾನೆ. ‘ಎಲ್ಲಿಂದ ಬಂತು ಮಾರಾಯ?’ ಅಂದರೆ ಸಿದ್ಧ ಉತ್ತರ ಒಂದಿದೆ: ‘ಲಾರಿ ಹಿಂದಿನಿಂದ ಬಿತ್ತು.’ ಕೇಳಿದವನು ನಗುತ್ತಾನೆ, ದುಡ್ಡು ಎಣಿಸುತ್ತಾನೆ. ಯಾವ ಲಾರಿ, ಯಾವ ರಸ್ತೆ, ಅಷ್ಟು ಎತ್ತರದಿಂದ ಬಿದ್ದರೂ ಡಬ್ಬಕ್ಕೆ ಒಂದು ಗೀರೂ ಬಿದ್ದಿಲ್ಲವಲ್ಲ, ಇದನ್ನೆಲ್ಲ ಯಾರೂ ಕೇಳುವುದಿಲ್ಲ.

ಈ ಮಾತು ಏನನ್ನೂ ಮುಚ್ಚಿಡುವುದಿಲ್ಲ. ಮಾಲು ಕದ್ದದ್ದು ಅಂತ ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಪಕ್ಕದ ಟೇಬಲ್ಲಿನಲ್ಲಿ ಪೊಲೀಸ್ ಕೂತಿದ್ದರೆ ಅವನಿಗೂ ಅರ್ಥವಾಗುತ್ತದೆ. ಕಳ್ಳರ ಭಾಷೆ ಅಂದರೆ ಗುಟ್ಟಿನ ಭಾಷೆ ಅಂತ ನಾವು ಸುಮ್ನೆ ಅಂದುಕೊಂಡುಬಿಟ್ಟಿದ್ದೇವೆ. ಆದರೆ ಇಂಥ ಮಾತುಗಳನ್ನು ಕೂತು ಅಧ್ಯಯನ ಮಾಡಿದವರಿಗೆ ಕಂಡದ್ದು ಬೇರೆ. ಗುಟ್ಟು ಅದರಲ್ಲಿ ಒಂದು ಸಣ್ಣ ಪಾಲು, ಅಷ್ಟೇ.

ಸ್ಟುವರ್ಟ್ ಹೆನ್ರಿ ಎಂಬ ಅಪರಾಧಶಾಸ್ತ್ರಜ್ಞ 1978ರಲ್ಲಿ ಇಂಗ್ಲೆಂಡಿನ ಈ ‘ಲಾರಿಯಿಂದ ಬಿದ್ದ’ ವ್ಯಾಪಾರದ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನು ಮಾತಾಡಿಸಿದ್ದು ಹೊಟ್ಟೆಪಾಡಿಗೆ ಕದಿಯುವ ಕಳ್ಳರನ್ನಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಬರುವ ಸಾಮಾನ್ಯ ಜನರನ್ನು. ಅವರ ನಡುವೆ ‘ಕದ್ದದ್ದು’ ಎಂಬ ಪದವೇ ಬರುವುದಿಲ್ಲ. ಬರುವುದೆಲ್ಲ ‘ಅಗ್ಗದ್ದು’, ‘ಸಿಕ್ಕಿದ್ದು’, ‘ಬಿದ್ದದ್ದು’. ಲಾಭವೂ ಅಂಥ ದೊಡ್ಡದೇನಲ್ಲ. ಗೆಳೆಯನಿಗೆ ಒಂದು ಉಪಕಾರ ಮಾಡಿದೆ ಅನ್ನುವ ಖುಷಿಯೇ ಅಲ್ಲಿ ಜಾಸ್ತಿ. ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1957ರಲ್ಲೇ ಇದರ ಹಿಂದಿನ ಮನಸ್ಸನ್ನು ವಿವರಿಸಿದ್ದರು. ತಪ್ಪು ಮಾಡುವವನಿಗೆ ಅದು ತಪ್ಪು ಅಂತ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ಮೊದಲು ಮನಸ್ಸಿನ ಚುಚ್ಚನ್ನು ಸುಮ್ಮನಾಗಿಸಬೇಕು, ಆಮೇಲೆ ಕೈ ಮುಂದೆ ಹೋಗುತ್ತದೆ. ಲಾರಿಯ ಮಾತು ಮಾಡುವುದು ಈ ಕೆಲಸವನ್ನೇ. ವಾಕ್ಯದಲ್ಲಿ ಕದ್ದವನೇ ಇಲ್ಲ ನೋಡಿ. ವಸ್ತು ತಾನಾಗೇ ಬಿದ್ದಿದೆ!

ಈ ಚಾಳಿ ಇಂಗ್ಲಿಷಿನಲ್ಲಿ ಬಹಳ ಹಳೆಯದು. 1560ರ ದಶಕದಲ್ಲಿ ಕೆಂಟ್ ಸೀಮೆಯಲ್ಲಿ ಥಾಮಸ್ ಹಾರ್ಮನ್ ಎಂಬ ಜಮೀನ್ದಾರನಿದ್ದ. ಆರೋಗ್ಯ ಅಷ್ಟಕ್ಕಷ್ಟೇ, ಹೆಚ್ಚು ಹೊತ್ತು ಮನೆಯಲ್ಲೇ. ಬಾಗಿಲಿಗೆ ಬರುವ ಭಿಕ್ಷುಕರನ್ನು, ಅಲೆಮಾರಿಗಳನ್ನು ಕೂರಿಸಿಕೊಂಡು ಬಾಯಿ ಬಿಡಿಸುವುದು ಅವನ ಹವ್ಯಾಸ. ಅವರ ವರಸೆಗಳನ್ನೂ ಪದಗಳನ್ನೂ ಸೇರಿಸಿ ಜನರಿಗೆ ಎಚ್ಚರಿಕೆ ಅಂತ ಪುಸ್ತಕವನ್ನೇ ಅಚ್ಚು ಹಾಕಿಸಿದ.

ಅದರಲ್ಲಿ ‘ಹೂಕರ್’ ಎಂಬ ಕಳ್ಳರ ಒಂದು ಪಂಗಡ ಬರುತ್ತದೆ. ‘ಆ್ಯಂಗ್ಲರ್’, ಅಂದರೆ ಗಾಳ ಹಾಕುವವರು, ಅಂತಲೂ ಹೆಸರು. ಇವರ ಕೈಯಲ್ಲಿ ಐದಾರು ಅಡಿ ಉದ್ದದ ಕೋಲು. ಅದರ ತುದಿಯಲ್ಲಿ ಒಂದು ತೂತು. ಹಗಲು ಹೊತ್ತು ಅದು ಬರೀ ಊರುಗೋಲು. ಭಿಕ್ಷೆ ಬೇಡುತ್ತಾ ಯಾರ ಮನೆಯ ಕಿಟಕಿಯ ಹತ್ತಿರ ಏನಿದೆ ಅಂತ ನೋಡಿಟ್ಟುಕೊಳ್ಳುತ್ತಾರೆ. ರಾತ್ರಿ ಆ ತೂತಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಕಿಟಕಿಯೊಳಗೆ ಕೋಲು ತೂರಿಸಿ ಬಟ್ಟೆಬರೆ ಎಳೆದುಕೊಳ್ಳುತ್ತಾರೆ. ಒಂದು ರೈತನ ಮನೆಯಲ್ಲಿ ಒಬ್ಬ ಗಂಡಸು, ಇಬ್ಬರು ದೊಡ್ಡ ಹುಡುಗರು ಒಂದೇ ಹಾಸಿಗೆಯಲ್ಲಿ ಮಲಗಿದ್ದರಂತೆ. ಕೊಕ್ಕೆಯವನು ಹೊದಿಕೆ, ದುಪ್ಪಟಿ, ಮೇಲೆ ಹೊದ್ದಿದ್ದ ಬಟ್ಟೆ ಎಲ್ಲವನ್ನೂ ಎಳೆದುಕೊಂಡು ಹೋದ. ಮೂವರೂ ಬರೀ ಅಂಗಿಯಲ್ಲಿ ನಿದ್ದೆ ಮಾಡುತ್ತಲೇ ಇದ್ದರು. ಟಿವಿ, ಮೊಬೈಲ್ ಇಲ್ಲದ ಕಾಲದಲ್ಲಿ ಬಟ್ಟೆಯೇ ಬೆಲೆಬಾಳುವ ಮಾಲು.

ಹಾರ್ಮನ್ ಪಟ್ಟಿ ಮಾಡಿದ ಪದಗಳಲ್ಲಿ ಒಂದು ಲೆಕ್ಕಾಚಾರವೇ ಕಾಣುತ್ತದೆ. ಹಗಲು ‘ಲೈಟ್‌ಮನ್ಸ್’, ರಾತ್ರಿ ‘ಡಾರ್ಕ್‌ಮನ್ಸ್’. ‘ಚೀಟ್’ ಅಂದರೆ ವಸ್ತು. ಹಾಗಾಗಿ ಮೂಗು ‘ವಾಸನೆ ನೋಡುವ ಚೀಟ್’, ಹಂದಿ ‘ಗುರುಗುಟ್ಟುವ ಚೀಟ್’. ‘ಕೆನ್’ ಅಂದರೆ ಮನೆ, ‘ಬೂಸ್’ ಅಂದರೆ ಕುಡಿತ. ಎರಡೂ ಸೇರಿದರೆ ಹೆಂಡದಂಗಡಿ. ಈ ‘ಬೂಸ್’ ನಾಲ್ಕೂವರೆ ಶತಮಾನ ದಾಟಿ ಬಂದು ಈಗ ಬೆಂಗಳೂರಿನ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ‘ಬೂಜ಼್’ ಆಗಿ ಆರಾಮಾಗಿದೆ.

ವ್ಯಾಕರಣವನ್ನು ಯಾರೂ ಮುಟ್ಟಲಿಲ್ಲ ಎಂಬುದು ಇಲ್ಲಿ ಮುಖ್ಯ. ವಾಕ್ಯ ಕಟ್ಟುವ ರೀತಿ ಅದೇ ಇಂಗ್ಲಿಷಿನದು, ಬದಲಾದದ್ದು ಪದಗಳು ಮಾತ್ರ. ಮೈಕಲ್ ಹ್ಯಾಲಿಡೇ ಎಂಬ ಭಾಷಾವಿಜ್ಞಾನಿ 1976ರಲ್ಲಿ ಇಂಥ ಮಾತುಗಳಿಗೆ ‘ಎದುರು ಭಾಷೆ’ ಎಂಬ ಅರ್ಥ ಬರುವ ಹೆಸರಿಟ್ಟ. ಹಾರ್ಮನ್‌ನ ಕಾಲದ ಅಲೆಮಾರಿಗಳು, ಪೋಲೆಂಡಿನ ಜೈಲುವಾಸಿಗಳು, ಕೋಲ್ಕತ್ತದ ಭೂಗತ ಜಗತ್ತು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಕೋಲ್ಕತ್ತದ ವಿವರ ಅವನಿಗೆ ಸಿಕ್ಕಿದ್ದು ಭಕ್ತಿಪ್ರಸಾದ್ ಮಲ್ಲಿಕ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅಲ್ಲಿನ ಭೂಗತರಲ್ಲಿ ಬಾಂಬಿಗೆ 21 ಪದ, ಪೊಲೀಸರಿಗೆ 41 ಪದ!

ಗುಟ್ಟು ಕಾಪಾಡಲು ಒಂದು ಪದ ಸಾಕಲ್ವಾ? 41 ಯಾಕೆ? ಹ್ಯಾಲಿಡೇ ಹೇಳುವುದು ಇಷ್ಟು: ಸಮಾಜದ ಒಳಗೇ ಇನ್ನೊಂದು ಸಮಾಜ ಕಟ್ಟಿಕೊಂಡವರಿಗೆ ತಮ್ಮದೇ ಲೋಕ ಬೇಕು, ಆ ಲೋಕಕ್ಕೆ ತಮ್ಮದೇ ಹೆಸರುಗಳು ಬೇಕು. ಭಯ ಎಲ್ಲಿದೆಯೋ, ಆಟ ಎಲ್ಲಿದೆಯೋ ಅಲ್ಲಿ ಪದ ರಾಶಿ ಬೀಳುತ್ತದೆ. ನಮ್ಮಲ್ಲೂ ಜೈಲು ಒಮ್ಮೆ ಮಾವನ ಮನೆ, ಇನ್ನೊಮ್ಮೆ ಕೃಷ್ಣನ ಜನ್ಮಸ್ಥಾನ. ಇದರಲ್ಲಿ ಗುಟ್ಟೆಲ್ಲಿದೆ? ಹೆದರಿಕೆಯನ್ನು ತಮಾಷೆಯಲ್ಲಿ ಅದ್ದಿ ತೆಗೆದಿದ್ದಾರೆ, ಅಷ್ಟೇ. ಅಮೆರಿಕದ ಡೇವಿಡ್ ಮೌರರ್ ಜೇಬುಗಳ್ಳರ, ಟೋಪಿ ಹಾಕುವವರ ಮಾತನ್ನು ದಶಕಗಟ್ಟಲೆ ಸಂಗ್ರಹಿಸಿದವನು. ಅವನ ವಾದ ಇನ್ನೂ ನೇರ: ಕಸುಬುದಾರ ಕಳ್ಳ ಹೊರಗಿನವರ ಮುಂದೆ ಈ ಭಾಷೆ ಆಡುವುದೇ ಇಲ್ಲ. ಆಡಿದರೆ ಎಲ್ಲರ ಕಣ್ಣು ಅವನ ಮೇಲೇ ಬೀಳುತ್ತದೆ. ತನ್ನವರ ನಡುವೆ ಮಾತ್ರ ಆಡುತ್ತಾನೆ.

ಹಾಗಂತ ಗುಟ್ಟು ಎಂಬುದು ಇರಲೇ ಇಲ್ಲ ಅಂತಲೂ ಅಲ್ಲ. 19ನೇ ಶತಮಾನದ ಲಂಡನ್ನಿನ ಬೀದಿ ವ್ಯಾಪಾರಿಗಳು ಪದಗಳನ್ನು ತಿರುವು ಮುರುವು ಮಾಡಿ ಆಡುತ್ತಿದ್ದರು. ‘ಪೊಲೀಸ್’ ತಿರುಗಿ ‘ಎಸ್ಲಾಪ್’ ಆಯಿತು, ‘ಲುಕ್’ ತಿರುಗಿ ‘ಕೂಲ್’. ‘ಕೂಲ್ ದ ಎಸ್ಲಾಪ್’ ಅಂದರೆ ಪೊಲೀಸ್ ಬಂದ ನೋಡು ಅಂತ. ಪ್ರಾಸದ ಆಟವೂ ಇತ್ತು. ‘ಪಿಂಚ್’, ಅಂದರೆ ಎಗರಿಸು, ಎಂಬುದಕ್ಕೆ ಪ್ರಾಸ ‘ಹಾಫ್ ಇಂಚ್’. ಕಳ್ಳನಿಗೆ, ಅಂದರೆ ‘ಥೀಫ್’ಗೆ, ‘ಟೀ ಲೀಫ್’. ಒಡವೆಗೆ, ಅಂದರೆ ‘ಜ್ಯೂಲರಿ’ಗೆ, ‘ಟಾಮ್‌ಫೂಲರಿ’. ಆಮೇಲೆ ಪ್ರಾಸದ ತುಂಡನ್ನೇ ಕತ್ತರಿಸಿ ಬರೀ ‘ಟಾಮ್’ ಅಂದರು. ಹೊಸಬನಿಗೆ ತಲೆಬುಡ ಅರ್ಥವಾಗುವುದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ‘ಸ್ವ್ಯಾಗ್’. ಮೊದಲು ಅದಕ್ಕೆ ಉಬ್ಬಿದ ಚೀಲ ಎಂಬ ಅರ್ಥವಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಕಳ್ಳರ ಬಾಯಲ್ಲಿ ಅದು ಕದ್ದ ಮಾಲಿನ ಗಂಟಾಯಿತು. ಅದರ ಅರ್ಥವನ್ನು ಸರಿಯಾಗಿ ಬರೆದಿಟ್ಟವನು ಸ್ವತಃ ಕಳ್ಳ. ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಈ ಮಹಾಶಯನನ್ನು ಬ್ರಿಟಿಷರು ಮೂರು ಸಲ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. 1812ರಲ್ಲಿ ಅಲ್ಲಿನ ನ್ಯೂಕ್ಯಾಸಲ್‌ನಲ್ಲಿ ಶಿಕ್ಷೆ ಅನುಭವಿಸುತ್ತಲೇ ಕಳ್ಳರ ಪದಗಳ ನಿಘಂಟು ಬರೆದು, ತನ್ನನ್ನು ಕಾಯುತ್ತಿದ್ದ ಅಧಿಕಾರಿಗೇ ಅದನ್ನು ಅರ್ಪಿಸಿದ. ಆಸ್ಟ್ರೇಲಿಯಾದಲ್ಲಿ ತಯಾರಾದ ಮೊದಲ ನಿಘಂಟು ಅಂತ ಅದಕ್ಕೆ ಹೆಸರು. ಸ್ವ್ಯಾಗ್ ಅಂದರೆ ಹಣವೊಂದನ್ನು ಬಿಟ್ಟು ಈಚೆಗೆ ಹೊಡೆದ ಯಾವುದೇ ಮಾಲು ಅನ್ನುತ್ತಾನೆ ವಾಕ್ಸ್. ಜೊತೆಗೆ ‘ಒಂದು ಸ್ವ್ಯಾಗ್ ಸ್ನೋ’ ಅಂತ ಉದಾಹರಣೆ ಕೊಡುತ್ತಾನೆ. ಸ್ನೋ ಅಂದರೆ ಅಗಸಗಿತ್ತಿ ಒಗೆದ ಬಿಳಿ ಬಟ್ಟೆ. ಮತ್ತೆ ಬಟ್ಟೆ!

ಆ ವಸಾಹತಿನಲ್ಲಿ ಇಂಥ ಪುಸ್ತಕದ ಅಗತ್ಯವೂ ಇತ್ತು. 1788ರಲ್ಲಿ ಮೊದಲ ಹಡಗುಗಳ ಜೊತೆ ಹೋದ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ, ಅಲ್ಲಿನ ಕೋರ್ಟಿನಲ್ಲಿ ಕೈದಿಗಳ ಮಾತು ತಿಳಿಸಿ ಹೇಳಲು ಆಗಾಗ ದುಭಾಷಿ ಬೇಕಾಗುತ್ತಿತ್ತು ಅಂತ ಬರೆದಿದ್ದಾನೆ. ಇಂಗ್ಲಿಷಿನಿಂದ ಇಂಗ್ಲಿಷಿಗೆ! ಮುಂದೆ ಆಸ್ಟ್ರೇಲಿಯಾದಲ್ಲಿ ಕೂಲಿಗಾಗಿ ಊರೂರು ಅಲೆಯುವವನ ಹಾಸಿಗೆ ಗಂಟಿಗೂ ಸ್ವ್ಯಾಗ್ ಎಂಬ ಹೆಸರೇ ಬಂತು. ಈಗ ಬೆಂಗಳೂರಿನ ಐಟಿ ಕಂಪನಿಗೆ ಸೇರಿದವರ ಕೈಗೆ ಮೊದಲ ದಿನವೇ ಟೀ ಶರ್ಟ್, ನೀರಿನ ಬಾಟಲಿ ತುಂಬಿದ ಚೀಲ ಸಿಗುತ್ತದೆ. ಅದೂ ಸ್ವ್ಯಾಗ್. ಕದ್ದ ಮಾಲಿನ ಹೆಸರು ಎಚ್.ಆರ್. ವಿಭಾಗದ ಪಾಲಾಯಿತು.

ಕದ್ದ ಮಾಲು ಕೊಂಡು ಕೈದಾಟಿಸುವವನಿಗೆ ಇಂಗ್ಲಿಷಿನಲ್ಲಿ ‘ಫೆನ್ಸ್’ ಅನ್ನುತ್ತಾರೆ. ಡಿಫೆನ್ಸ್ ಎಂಬುದರ ಬಾಲ ಅದು, ಕಳ್ಳನಿಗೂ ಕಾನೂನಿಗೂ ನಡುವಿನ ಆಸರೆ. ಈ ಕಸುಬಿನ ಗುರು 18ನೇ ಶತಮಾನದ ಲಂಡನ್ನಿನ ಜೊನಾಥನ್ ವೈಲ್ಡ್. ಅವನ ಕಡೆಯವರು ಕದಿಯುತ್ತಿದ್ದರು. ಕಳಕೊಂಡವರು ಅವನ ಕಚೇರಿಗೇ ಬಂದು ಅಳಲು ತೋಡಿಕೊಳ್ಳುತ್ತಿದ್ದರು. ವಿಚಾರಿಸಿ ನೋಡ್ತೀನಿ ಅಂತ ಹೇಳಿ, ಇನಾಮು ತೆಗೆದುಕೊಂಡು, ಮಾಲು ವಾಪಸ್ ಕೊಡಿಸುತ್ತಿದ್ದ. ಮಾತು ಕೇಳದ ಕಳ್ಳರನ್ನು ಹಿಡಿದುಕೊಟ್ಟು ಕಳ್ಳ ಹಿಡಿಯುವವರ ಜನರಲ್ ಅಂತ ಕರೆಸಿಕೊಂಡ. ಇಂಥ ಇನಾಮು ಪಡೆಯುವುದೂ ಅಪರಾಧ ಅಂತ 1718ರಲ್ಲಿ ಕಾನೂನು ಬಂತು. ಕೊನೆಗೆ ಒಂದಿಷ್ಟು ಲೇಸ್ ಬಟ್ಟೆಯ ಕೇಸಿನಲ್ಲಿ ಸಿಕ್ಕಿಬಿದ್ದ. ಕಳ್ಳತನದ ಆರೋಪ ನಿಲ್ಲಲಿಲ್ಲ, ಇನಾಮಿನ ಆರೋಪ ನಿಂತಿತು. 1725ರ ಮೇ 24ರಂದು ಗಲ್ಲಿಗೆ ಹಾಕಿದರು.

ಇಂಗ್ಲಿಷಿನ ಈ ಚೀಲದಲ್ಲಿ ನಮ್ಮ ಕಡೆಯ ಮಾಲೂ ಇದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಸ್ಕಾಟ್ಲೆಂಡಿನಲ್ಲಿ ಕದಿಯುವುದಕ್ಕೆ ‘ಚೋರ್’ ಅನ್ನುವವರಿದ್ದಾರೆ. ಹೌದು, ಅದೇ ಚೋರ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟ ರೋಮಾ ಜನರ ಭಾಷೆಯಿಂದ ಹೋದದ್ದು. ಇದನ್ನು ಕೇಳಿ ರೋಮಾ ಜನರೇ ಕಳ್ಳರು ಅಂತ ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. 1554ರ ಇಂಗ್ಲೆಂಡಿನಲ್ಲಿ ಅವರು ಅವರಾಗಿರುವುದಕ್ಕೇ ಮರಣದಂಡನೆಯ ಕಾನೂನಿತ್ತು. ಕಾನೂನು ಅಟ್ಟಿಸಿಕೊಂಡು ಬರುವಾಗ ಎಲ್ಲರೂ ಓಡುವುದು ಅದೇ ದಾರಿಯಲ್ಲಿ. ದಾರಿಯಲ್ಲಿ ಪದಗಳು ಕೈ ಬದಲಾಗುತ್ತವೆ. ಸ್ನೇಹಿತ ಎಂಬ ಅರ್ಥದ ‘ಪ್ಯಾಲ್’ ಕೂಡ ಅವರದೇ. ಸಂಸ್ಕೃತದ ‘ಭ್ರಾತೃ’ವಿನ ನೆಂಟ ಅದು.

ಇನ್ನು ‘ಲೂಟ್’. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಹಿಂದೂಸ್ತಾನಿಯಿಂದ ಎತ್ತಿಕೊಂಡ ಪದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ ಸಿಪಾಯಿಗಳು, ಗೋರಾಗಳು ಊರಿಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ದೋಚಿದರು. ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ನೇಣು, ಛಡಿಯೇಟುಗಳಿಂದ ಅವರನ್ನು ತಹಬಂದಿಗೆ ತಂದ. ಆಮೇಲೆ ಸಮಿತಿಯೊಂದು ಕೂತು ಖಜಾನೆಯನ್ನು ಹುದ್ದೆಗೆ ತಕ್ಕಂತೆ ಹಂಚಿತು. ಟಿಪ್ಪುವಿನ ಚಿನ್ನದ ತಗಡಿನ ಸಿಂಹಾಸನವನ್ನು ಪಾಲು ಹಾಕುವುದಕ್ಕಾಗಿ ಒಡೆದು ತುಂಡು ಮಾಡಿದರು. ಅದರ ಹುಲಿಯ ತಲೆ, ರತ್ನದ ಹುಮಾ ಹಕ್ಕಿ ಈಗ ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿವೆ. ಸಿಪಾಯಿ ಮಾಡಿದರೆ ಲೂಟಿ, ಸಮಿತಿ ಮಾಡಿದರೆ ‘ಪ್ರೈಜ಼್’, ಅಂದರೆ ಯುದ್ಧದಲ್ಲಿ ಗೆದ್ದ ಸೊತ್ತು. ಕಾಗದಪತ್ರಗಳಲ್ಲಿ ಇದ್ದದ್ದು ಇದೇ ಪದ. ಲಾರಿಯ ಮಾತಾಡುವವನ ಮೇಲೆ ನನಗೆ ಸಿಟ್ಟು ಬಾರದಿರುವುದು ಇದಕ್ಕೇ. ಅವನಿಗೆ ತನ್ನ ಮಾತು ತಮಾಷೆ ಅಂತಾದರೂ ಗೊತ್ತು.

ಕದಿಯುವವರ ಪದಗಳು ಕಾಯುವವರ ಪದಗಳೂ ಆಗುತ್ತವೆ. ಅಮೆರಿಕದ ಕಳ್ಳರು 20ನೇ ಶತಮಾನದ ಮೊದಲ ದಶಕಗಳಲ್ಲಿ ಕಳ್ಳಗಂಟೆಗೆ, ಅಂದರೆ ಬರ್ಗ್ಲರ್ ಅಲಾರಮ್ಮಿಗೆ ‘ಬಗ್’ ಅನ್ನುತ್ತಿದ್ದರು. 1940ರ ದಶಕದ ಹೊತ್ತಿಗೆ ಅದು ಗುಟ್ಟಾಗಿ ಮಾತು ಕೇಳುವ ಪುಟ್ಟ ಮೈಕಿಗೆ ಅಂಟಿಕೊಂಡಿತು. ಪೊಲೀಸರನ್ನು ಹಂದಿ ಅನ್ನುವುದು 1960ರ ದಶಕದ ಹಿಪ್ಪಿಗಳ ಕೊಡುಗೆ ಅಂತ ತುಂಬ ಜನ ತಿಳಿದಿದ್ದಾರೆ. 1811ರ ಲಂಡನ್ ನಿಘಂಟಿನಲ್ಲೇ ಅದಿದೆ. ‘ಕಾಪ್’ ಎಂಬುದು ‘ಕಾನ್‌ಸ್ಟೇಬಲ್ ಆನ್ ಪೆಟ್ರೋಲ್’ನ ಕಿರುರೂಪ ಎಂಬುದು ಶುದ್ಧ ಕಟ್ಟುಕಥೆ. ಹಿಡಿಯುವುದು ಎಂಬ ಅರ್ಥದ ಹಳೆಯ ‘ಕಾಪ್’ ಕ್ರಿಯಾಪದದಿಂದ ಬಂದದ್ದು ಅದು.

1919ರಲ್ಲಿ ಲಂಡನ್ ಪೊಲೀಸರು ಒಂದು ಹೊಸ ಪಡೆ ಕಟ್ಟಿದರು. ಪತ್ತೇದಾರರು ಕುದುರೆ ಎಳೆಯುವ ಸಾಮಾನು ಬಂಡಿಯೊಳಗೆ ಅಡಗಿ, ಕ್ಯಾನ್ವಾಸ್ ಹೊದಿಕೆಯಲ್ಲಿ ಕೊರೆದ ತೂತುಗಳಿಂದ ಬೀದಿ ಕಾಯುತ್ತಿದ್ದರು. ಆಮೇಲೆ ಅದಕ್ಕೆ ‘ಫ್ಲೈಯಿಂಗ್ ಸ್ಕ್ವಾಡ್’ ಎಂಬ ಹೆಸರು ಬಂತು. ಸ್ಕ್ವಾಡ್‌ಗೆ ಪ್ರಾಸ ‘ಸ್ವೀನಿ ಟಾಡ್’, ಹಳೆಯ ಕಥೆಗಳಲ್ಲಿ ಬರುವ ಕೊಲೆಗಡುಕ ಕ್ಷೌರಿಕ. ಬಾಲ ಕತ್ತರಿಸಿದ ಮೇಲೆ ‘ಸ್ವೀನಿ’. ಆ ಪೊಲೀಸರೇ ಅದನ್ನು ಹೆಮ್ಮೆಯಿಂದ ಹೇಳಿಕೊಂಡರು, 1970ರ ದಶಕದಲ್ಲಿ ಟಿವಿ ಧಾರಾವಾಹಿಗೂ ಅದೇ ಹೆಸರಾಯಿತು.

2020ರಲ್ಲಿ ಫ್ರಾನ್ಸಿನ ಪೊಲೀಸರು ‘ಎನ್‌ಕ್ರೋಚಾಟ್’ ಎಂಬ ಗೂಢಲಿಪಿ ಫೋನ್ ಜಾಲದೊಳಗೆ ನುಗ್ಗಿದರು. ಸುಮಾರು 60,000 ಬಳಕೆದಾರರು, ಅದರಲ್ಲಿ 10,000ದಷ್ಟು ಬ್ರಿಟನ್ನಿನವರು. ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಧೈರ್ಯದಲ್ಲಿ ಅದನ್ನು ಬಳಸುತ್ತಿದ್ದ ಪಾತಕಿಗಳು ಮಾಲು, ರೇಟು, ಜಾಗ ಎಲ್ಲವನ್ನೂ ಬಿಚ್ಚಿ ಬರೆದಿದ್ದರು. ಆದರೂ ಗುಂಪಿನ ಪದಗಳನ್ನು ಬಿಟ್ಟಿರಲಿಲ್ಲ. ಗುಟ್ಟು ಕಾಯಲು ಯಂತ್ರವೇ ಇದ್ದಾಗಲೂ ಆ ಪದಗಳು ಬೇಕಾಗಿದ್ದವು.

ಬ್ರಿಟನ್ನಿನ ಕೋರ್ಟುಗಳಲ್ಲಿ ಇದು ಈಗ ದಿನನಿತ್ಯದ ತಲೆನೋವು. ಲಂಡನ್ನಿನ ಹುಡುಗರು ಪೊಲೀಸರಿಗೆ ‘ಫೆಡ್ಸ್’ ಅನ್ನುತ್ತಾರೆ. ಅಮೆರಿಕದ ಎಫ್‌ಬಿಐಯವರಿಗೆ ಹೊಂದುವ ಪದ, ಬ್ರಿಟನ್ನಿನಲ್ಲಿ ಅಂಥ ಫೆಡರಲ್ ಪೊಲೀಸರೇ ಇಲ್ಲ. ಇಂಥವನ್ನು ಜ್ಯೂರಿಗೆ ಬಿಡಿಸಿ ಹೇಳಲು ಎಷ್ಟೋ ಸಲ ಪೊಲೀಸ್ ಅಧಿಕಾರಿಯೇ ಸಾಕ್ಷಿಕಟ್ಟೆ ಹತ್ತುತ್ತಾನೆ. ಸಾಕ್ಷ್ಯ ಅಂತ ಕೋರ್ಟಿಗೆ ಬಂದ ರ‍್ಯಾಪ್ ಹಾಡಿನ ಸಾಲು ಬರೀ ಜಂಬವೋ, ನಿಜವಾದ ಬೆದರಿಕೆಯೋ ಎಂಬುದರ ಮೇಲೆ ಹುಡುಗನೊಬ್ಬ ಎಷ್ಟು ವರ್ಷ ಒಳಗಿರುತ್ತಾನೆ ಎಂಬುದು ನಿಂತಿರಬಹುದು. ಹಾಗಾಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಟೋನಿ ಥಾರ್ನ್ ಅವರಂಥ ಭಾಷಾತಜ್ಞರನ್ನೂ ಕೋರ್ಟಿಗೆ ಕರೆಯುತ್ತಾರೆ, ಪದ ಹಿಡಿದು ವಾದ ನಡೆಯುತ್ತದೆ.