ಲಾಯರ್ ನೋಟಿಸ್ ಬಂದ್ರೆ ಸಂಬಳ ಹಿಡೀತಾರಾ?

ಪ್ರಶ್ನೆ: ಸರ್, ನಾನು ಅರಸೀಕೆರೆ ಕಡೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಬ್ಯಾಂಕ್ ಸಾಲದ ಕಂತು ನಿಂತುಹೋಗಿದೆ. ಲಾಯರ್ ನೋಟಿಸ್ ಬಂದಿದೆ. ಮುಂದಿನ ತಿಂಗಳಿಂದ ಅರ್ಧ ಸಂಬಳ ಹಿಡಿಯುತ್ತಾರಂತೆ. ನಿಲ್ಲಿಸೋದು ಹೇಗೆ?

ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಹಾಸನದ ಕೋರ್ಟ್ ಬಾಗಿಲಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಮತ್ತೆ ಹೇಳುತ್ತೇನೆ. ಲಾಯರ್ ನೋಟಿಸ್‌ನಿಂದ ಸಂಬಳದ ಒಂದು ರೂಪಾಯಿಯನ್ನೂ ಹಿಡಿಯೋಕಾಗಲ್ಲ.

ಆ ಕಾಗದವನ್ನು ಟೇಬಲ್ ಮೇಲೆ ಬಿಡಿಸಿಟ್ಟು ನೋಡಿ. ಮೇಲೆ ವಕೀಲರ ಹೆಸರು, ಕೆಳಗೆ ಅವರ ಸಹಿ. ಕೋರ್ಟ್ ಮೊಹರು ಇದೆಯಾ? ಕೇಸ್ ನಂಬರ್? ಇಲ್ಲ ಅಲ್ವಾ? ಅದು ಹಣ ಕೇಳುವ ಪತ್ರ. ಸಂಬಳಕ್ಕೆ ಕೈ ಹಾಕಬೇಕಾದರೆ ಸಾಲ ಕೊಟ್ಟವರು ದಾವಾ ಹಾಕಬೇಕು, ಡಿಕ್ರಿ ಅಂದರೆ ಕೋರ್ಟಿನ ತೀರ್ಪು ಪಡೀಬೇಕು, ಆಮೇಲೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಜಪ್ತಿ ಆದೇಶ ತರಬೇಕು. ಆ ಆದೇಶ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಹೋಗುತ್ತದೆ. ವಸೂಲಿಗೆ ಬಂದವರು ಹೆಡ್‌ಮಾಸ್ಟರಿಗೆ ಫೋನ್ ಮಾಡಿದರೆ ಸಂಬಳ ನಿಲ್ಲಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೂತು ಜೋರು ಮಾಡಿದರೂ ನಿಲ್ಲಲ್ಲ. ಇದು ಗೊತ್ತಿಲ್ಲದೆ ಹೆದರಿ ಹೆಂಡತಿಯ ಬಳೆ ಅಡ ಇಟ್ಟವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನೌಕರರ ಸಹಕಾರ ಸಂಘದ ಸಾಲದ ದಾರಿ ಮಾತ್ರ ಬೇರೆ. ಅಲ್ಲಿ ಸಂಬಳದಲ್ಲಿ ಮುರಿದುಕೊಳ್ಳಿ ಅಂತ ನೀವೇ ಬರೆದುಕೊಟ್ಟಿರುತ್ತೀರಿ.

'ಅರ್ಧ' ಅನ್ನೋದೂ ತಪ್ಪು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಓದಿ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲೂ ನಿಮ್ಮದೇ. ಲೆಕ್ಕಕ್ಕೆ ಬರುವ ಸಂಬಳ 31,000 ಆದರೆ ಹಿಡಿಯಬಹುದಾದದ್ದು 10,000. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಉಲ್ಟಾ: ಮೂರನೇ ಒಂದು ಪಾಲಷ್ಟೇ ನಿಮಗೆ ಉಳಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ದುಡಿಯುವವರ ಕೂಲಿಯನ್ನಂತೂ ಜಪ್ತಿ ಮಾಡುವಂತೆಯೇ ಇಲ್ಲ. 'ಈ ರಕ್ಷಣೆ ಬೇಡ' ಅಂತ ಸಾಲದ ಪತ್ರದಲ್ಲಿ ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರೂ ಅದು ನಡೆಯಲ್ಲ.

ಇನ್ನು ನಿಲ್ಲಿಸೋದು. ನೋಟಿಸ್‌ಗೆ ಉತ್ತರ ಕೊಡಿಸಿ. ಕೋರ್ಟಿನಿಂದ ಸಮನ್ಸ್ ಬಂದರೆ ದಯವಿಟ್ಟು ಹೋಗಿ, ತಪ್ಪಿಸಬೇಡಿ. ಹೋಗದಿದ್ದರೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಿಮ್ಮ ಗೈರುಹಾಜರಿಯಲ್ಲೇ ತೀರ್ಪು ಆಗುತ್ತದೆ. ಅದನ್ನು ರದ್ದು ಮಾಡಿಸಲು ಇರುವುದು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಎಣಿಕೆ. ಸಂಬಳ ಜಾಸ್ತಿ ಹಿಡಿದರೆ ಸ್ಯಾಲರಿ ಸ್ಲಿಪ್ ಸಮೇತ ಆಕ್ಷೇಪಣೆ ಹಾಕಿ. ಲೋಕ ಅದಾಲತ್‌ನಲ್ಲಿ ಕಂತಿನ ರಾಜಿಗೂ ದಾರಿ ಇದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದಾಗಿದ್ದರೆ ಆ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಆ ತಿಂಗಳುಗಳನ್ನು ನೀವೇ ಎಣಿಸಿಡಿ. ವಕೀಲರ ಫೀಸಿಗೆ ಹಣವಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಆದಾಯ ಎಷ್ಟೇ ಇದ್ದರೂ ಅವರಿಗೆ ಉಚಿತ.

ನೀವು ಕೇಳದ ಒಂದು ಮಾತೂ ಹೇಳಿಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ 'ಸುಮ್ನೆ ಒಂದು ಸಹಿ' ಅಂತ ಜಾಮೀನು ಹಾಕುತ್ತೀರಲ್ಲ, ಅದರ ವಿಷಯ. ಕರಾರು ಕಾಯ್ದೆಯ ಸೆಕ್ಷನ್ 128ರ ಪ್ರಕಾರ ಸಾಲ ಪಡೆದವರಷ್ಟೇ ಹೊಣೆ ಜಾಮೀನುದಾರರಿಗೂ ಇದೆ. ಬ್ಯಾಂಕು ಮೊದಲು ಸಾಲ ಪಡೆದವರ ಮನೆಗೇ ಹೋಗಬೇಕು ಅಂತೇನಿಲ್ಲ. ನಿಮ್ಮ ಸಂಬಳಕ್ಕೇ ಬರಬಹುದು. ಹಾಗೆ ಕಟ್ಟಬೇಕಾಗಿ ಬಂದರೆ ಪ್ರತಿ ರಸೀದಿಯನ್ನೂ ಎತ್ತಿಡಿ. ಆ ಹಣವನ್ನು ಸಾಲ ಪಡೆದವರಿಂದ ವಾಪಸ್ ಕೇಳುವ ಹಕ್ಕು ನಿಮಗಿದೆ. ದಾವಾ ಹಾಕಲು ಕಟ್ಟಿದ ದಿನದಿಂದ 3 ವರ್ಷ ಸಮಯ.